ಚುಕ್ಕಿ ಕೊಟ್ಟಿರಿ, ಅದರ ಸುತ್ತಿನ ವೃತ್ತವನ್ನೂ ಕೊಡಿ

ಭೂಕಂಪನದ ಮಾಹಿತಿಯನ್ನು ಜನರಿಗೆ ತಲುಪಿಸುವ ಅಧಿಕಾರಿಗಳಿಗೆ,
ಮತ್ತು ಅವರಿಗಿಂತ ಮೊದಲೇ ತಲುಪಿಸಿಬಿಡುವ ನಮ್ಮ ಜಿಲ್ಲೆಗಳ ವಾಟ್ಸಾಪ್ ಗುಂಪುಗಳ ಅಡ್ಮಿನ್‌ಗಳಿಗೆ,

ಮಾನ್ಯರೇ, ನಮಸ್ಕಾರ.

2022ರ ಜೂನ್ 28ರ ಬೆಳಗ್ಗೆ ಇನ್ನೂ ಎಂಟು ಗಂಟೆ ಆಗಿರಲಿಲ್ಲ, ಸಂಪಾಜೆ ಕಡೆಯಿಂದ ಅಕ್ಕನ ಫೋನು ಬಂತು. ಅಕ್ಕ ಫೋನು ಮಾಡುವುದು ಸಂಜೆ ಧಾರಾವಾಹಿ ಮುಗಿದ ಮೇಲೆ. ಬೆಳಗ್ಗೆ ಬಂತೆಂದರೆ ಏನೋ ಉಂಟು. "ಗುಡುಗಿದ ಹಾಗೆ ಆಯಿತು ಮಾರಾಯ, ಆದರೆ ಮೇಲಿಂದ ಅಲ್ಲ, ಕಾಲಡಿಯಿಂದ ಬಂತು. ಅಟ್ಟದಲ್ಲಿ ಸ್ಟೀಲ್ ಡಬ್ಬಿಗಳು ಒಂದಕ್ಕೊಂದು ತಾಗಿ ಕಿಣಿಕಿಣಿ ಅಂದವು. ನಿನ್ನ ಬಾವ ಅಂಗಳಕ್ಕೆ ಓಡಿದವರು ಒಳಗೆ ಬರುವುದೇ ಇಲ್ಲ ಅಂತಾರೆ. ಮಳೆ ಬೇರೆ." ಅಂದು ದಾಖಲಾದ ತೀವ್ರತೆ 3.0, ಕೇಂದ್ರಬಿಂದು ಚೆಂಬು ಗ್ರಾಮದ ಆಸುಪಾಸು. ಮೂರು ದಿನ ಮೊದಲು ಕರಿಕೆ ಬದಿಯಲ್ಲಿ ಇದಕ್ಕಿಂತ ಸಣ್ಣದೊಂದು ಆಗಿತ್ತು. ಆಮೇಲೆ ಜುಲೈಯಲ್ಲೂ ಸುಳ್ಯ, ಸಂಪಾಜೆ, ಚೆಂಬು ಬದಿಯವರಿಗೆ ಆಗಾಗ ನೆಲ ನಡುಗಿದ್ದು ಅನುಭವಕ್ಕೆ ಬಂತು. 2018ರ ಆಗಸ್ಟಿನಲ್ಲಿ ಜೋಡುಪಾಲದ ಗುಡ್ಡ ಜಾರಿ ಬಂದುದನ್ನು ಕಣ್ಣಾರೆ ಕಂಡ ಜನ ಅವರು. ನೆಲ ಅಲುಗಿದರೆ ಅವರು ಮೊದಲು ನೋಡುವುದು ಹಿಂದಿನ ಗುಡ್ಡವನ್ನು. ಅಕ್ಕ ಕೇಳಿದ್ದೂ ಅದನ್ನೇ: "ನೀನು ಫಿಸಿಕ್ಸ್ ಪಾಠ ಮಾಡಿದವನಲ್ಲವಾ, ಇದು ಎತ್ತ ಹೋಗ್ತಾ ಉಂಟು ಅಂತ ಹೇಳು."

ಎತ್ತ ಹೋಗುತ್ತಾ ಉಂಟು. ಬಹಳ ಒಳ್ಳೆಯ ಪ್ರಶ್ನೆ ಅದು. ಒಂದು ಕಂಪನ ಒಂದು ಘಟನೆ ಮಾತ್ರ. ಒಂದರ ಹಿಂದೆ ಒಂದು ಹತ್ತು ಬಂದರೆ ಅವು ಎಲ್ಲಿಂದ ಎಲ್ಲಿಗೆ ಹೆಜ್ಜೆ ಇಡುತ್ತಿವೆ ಎಂದು ಕೇಳುವುದು ಸಹಜ. ನಾನು ನಿವೃತ್ತ ಉಪನ್ಯಾಸಕ, ಭೂಗರ್ಭಶಾಸ್ತ್ರಜ್ಞ ಅಲ್ಲ. ಆದರೂ ಅಂದು ಮಧ್ಯಾಹ್ನವೇ ಕಾಲೇಜಿನಲ್ಲಿ ಉಳಿಸಿಕೊಂಡಿದ್ದ ಗ್ರಾಫ್ ಹಾಳೆ ಹೊರಗೆ ತೆಗೆದೆ. ಅಡ್ಡಕ್ಕೆ ರೇಖಾಂಶ, ನೀಟಕ್ಕೆ ಅಕ್ಷಾಂಶ. ಕುಟುಂಬದ ಗುಂಪಿನಲ್ಲಿ ಯಾರೋ ಹಾಕಿದ್ದ ಪಟ್ಟಿಯನ್ನು ಹಿಡಿದು ಒಂದೊಂದೇ ಚುಕ್ಕಿ ಇಡುತ್ತಾ ಬಂದೆ, ಪಕ್ಕದಲ್ಲಿ ತಾರೀಕು ಬರೆದೆ. ಜುಲೈ ಎರಡನೇ ವಾರದ ಹೊತ್ತಿಗೆ ನನ್ನ ಎದೆ ಹೊಡೆದುಕೊಳ್ಳತೊಡಗಿತು. ಐದು ಚುಕ್ಕಿಗಳು ಸ್ಕೇಲ್ ಇಟ್ಟು ಎಳೆದ ಹಾಗೆ ಒಂದೇ ಸಾಲಿನಲ್ಲಿದ್ದವು, ಪೂರ್ವದಿಂದ ಪಶ್ಚಿಮಕ್ಕೆ. ಗೆರೆಯನ್ನು ಮುಂದಕ್ಕೆ ಎಳೆದರೆ ಅಕ್ಕನ ಅಡಿಕೆ ತೋಟದ ಹತ್ತಿರವೇ ಹಾಯುತ್ತಿತ್ತು. ರಾತ್ರಿ ಹನ್ನೊಂದಕ್ಕೆ ಬಾವನಿಗೆ ಫೋನು ಮಾಡಿ ಹೆದರಿಸಿಯೂ ಆಯಿತು.

ಎರಡು ದಿನ ಬಿಟ್ಟು ಇನ್ನೊಂದು ಪಟ್ಟಿ ಸಿಕ್ಕಿತು. ಅದೇ ಕಂಪನಗಳು, ಆದರೆ ದಶಮಾಂಶದ ನಂತರ ಇನ್ನೊಂದು ಅಂಕೆ ಇತ್ತು. ಮೊದಲ ಪಟ್ಟಿಯನ್ನು ಟೈಪ್ ಮಾಡಿದ ಪುಣ್ಯಾತ್ಮರು ಕೊನೆಯ ಅಂಕೆಯನ್ನು ಕತ್ತರಿಸಿಬಿಟ್ಟಿದ್ದರು. ಅಕ್ಷಾಂಶದ ಒಂದು ಡಿಗ್ರಿ ಎಂದರೆ ಸುಮಾರು 111 ಕಿಲೋಮೀಟರ್. ಅದರ ನೂರನೇ ಒಂದು ಪಾಲು 1.1 ಕಿಲೋಮೀಟರ್. ಎರಡೇ ದಶಮಾಂಶಕ್ಕೆ ಕತ್ತರಿಸಿದರೆ ಅಷ್ಟು ಅಗಲದ ಪಟ್ಟೆಯೊಳಗಿನ ಚುಕ್ಕಿಗಳೆಲ್ಲ ಒಂದೇ ಗೆರೆಯ ಮೇಲೆ ಬಂದು ಕೂರುತ್ತವೆ. ನಾನು ಕಂಡುಹಿಡಿದದ್ದು ಭೂಮಿಯೊಳಗಿನ ಬಿರುಕನ್ನಲ್ಲ, ಯಾರದೋ ಹೆಬ್ಬೆರಳಿನ ಸೋಮಾರಿತನವನ್ನು. ಬಾವ ಈಗಲೂ ಮನೆಗೆ ಹೋದಾಗಲೆಲ್ಲ "ಗೆರೆ ಎಲ್ಲಿಗೆ ಬಂತು ಬಾವ?" ಎಂದು ಕೇಳುತ್ತಾರೆ.

ಈ ಪತ್ರ ಬರೆಯಲು ಆ ಗೆರೆಯೇ ಕಾರಣ. ಮೂವತ್ತು ವರ್ಷ ಮಕ್ಕಳಿಗೆ ಅಳತೆಯ ತಪ್ಪಿನ ಪಾಠ ಮಾಡಿದ ನನ್ನಂಥವನೇ ಮೋಸಹೋದೆ. ಆಗಿನಿಂದ ನೋಡುತ್ತಿದ್ದೇನೆ, ಎಲ್ಲಿ ನೆಲ ನಡುಗಿದರೂ ಎರಡೇ ದಿನದಲ್ಲಿ ಒಂದು ನಕ್ಷೆ ಹರಿದಾಡುತ್ತದೆ. ಅದರ ಮೇಲೆ ಕೆಂಪು ಚುಕ್ಕಿಗಳು, ಚುಕ್ಕಿಗಳನ್ನು ಜೋಡಿಸಿದ ಬಾಣದ ಗುರುತು, ಬಾಣದ ತುದಿಯಲ್ಲಿ ಯಾವುದಾದರೊಂದು ಅಣೆಕಟ್ಟು ಅಥವಾ ಕಾರ್ಖಾನೆ. ಅಧಿಕಾರಿಗಳ ಕಡೆಯಿಂದ ಅದಕ್ಕೆ ಬರುವ ಉತ್ತರವೂ ಪ್ರತಿಸಲ ಅದೇ ಒಂದು ಸಾಲು, "ಜನರು ಆತಂಕಪಡುವ ಅಗತ್ಯವಿಲ್ಲ." ಈ ಎರಡರ ನಡುವೆ ಸಾಮಾನ್ಯ ಮನುಷ್ಯ ಹಿಡಿದುಕೊಳ್ಳುವಂಥದ್ದು ಏನೂ ಇಲ್ಲ.

ಮೊದಲು ಅಡ್ಮಿನ್‌ಗಳಿಗೆ ಎರಡು ಮಾತು.

ಕಳೆದ ರಜೆಯಲ್ಲಿ ಮೊಮ್ಮಗನ ಜೊತೆ ಕೂತು ಚಾವಡಿಯ ಟೈಲ್ಸ್ ನೆಲದ ಮೇಲೆ ಒಂದು ಮುಷ್ಟಿ ಹುರುಳಿ ಚೆಲ್ಲಿದೆ. ಕಣ್ಣು ಮುಚ್ಚಿ ಚೆಲ್ಲಿದ್ದು. ಹುಡುಗ ಮೊಣಕಾಲೂರಿ ನೋಡಿ, "ಅಜ್ಜ, ಇಲ್ಲಿ ಪಿಲಿ (ಹುಲಿ) ಉಂಟು, ಇದು ಅದರ ಬಾಲ" ಎಂದ. ನಿಜಕ್ಕೂ ಬಾಲದ ಹಾಗೆಯೇ ಇತ್ತು. ಕೆಲವು ಟೈಲ್ಸ್ ಖಾಲಿ, ಕೆಲವದರಲ್ಲಿ ನಾಲ್ಕೈದು ಕಾಳು. ಯಾದೃಚ್ಛಿಕ ಎಂದರೆ ಸಮಾನವಾಗಿ ಹರಡಿರುವುದು ಎಂದು ನಾವು ತಿಳಿದಿರುತ್ತೇವೆ. ಹಾಗಲ್ಲ, ಯಾದೃಚ್ಛಿಕವಾಗಿ ಚೆಲ್ಲಿದ್ದು ಅಲ್ಲಲ್ಲಿ ಗುಂಪುಗೂಡಿಯೇ ಗೂಡುತ್ತದೆ. ಎರಡನೇ ಮಹಾಯುದ್ಧದಲ್ಲಿ ಜರ್ಮನರ ಹಾರುಬಾಂಬುಗಳು ಲಂಡನ್ನಿನ ಮೇಲೆ ಬೀಳುತ್ತಿದ್ದಾಗ ಅವು ಕೆಲವು ಬಡಾವಣೆಗಳನ್ನೇ ಹುಡುಕಿ ಬೀಳುತ್ತಿವೆ ಎಂದು ಜನ ನಂಬಿದ್ದರು. ಆರ್. ಡಿ. ಕ್ಲಾರ್ಕ್ ಎಂಬ ವಿಮಾ ಗಣಿತಜ್ಞ ದಕ್ಷಿಣ ಲಂಡನ್ನಿನ 144 ಚದರ ಕಿಲೋಮೀಟರನ್ನು 576 ಚೌಕಗಳಾಗಿ ಕತ್ತರಿಸಿ, ಬಿದ್ದ 537 ಬಾಂಬುಗಳನ್ನು ಎಣಿಸಿ, 1946ರಲ್ಲಿ ಒಂದೇ ಪುಟದ ಲೇಖನ ಬರೆದ. ಗುರಿಯಿಲ್ಲದೆ ಬಿದ್ದಿದ್ದರೆ ಸುಮಾರು 227 ಚೌಕಗಳು ಖಾಲಿ ಉಳಿಯಬೇಕು ಎಂದಿತು ಲೆಕ್ಕ. ಉಳಿದದ್ದು 229. ಒಂದೇ ಬಾಂಬು ಬಿದ್ದ ಚೌಕಗಳು 211 ಇರಬೇಕಿತ್ತು, ಇದ್ದದ್ದೂ 211. ಜನ ಕಂಡ ಗುಂಪು ಗುಂಪು ನಿಜವೇ. ಅದರ ಹಿಂದೆ ಕೈವಾಡ ಮಾತ್ರ ಇರಲಿಲ್ಲ.

ಹಾಗಾದರೆ ಭೂಕಂಪನವೂ ಹುರುಳಿಯೇ? ಅಲ್ಲ. ತೊಡಕಿರುವುದೇ ಇಲ್ಲಿ. ಒಂದು ದೊಡ್ಡ ಕಂಪನದ ಹಿಂದೆ ಸಣ್ಣವು ಅದೇ ಜಾಗದ ಸುತ್ತ ನಿಜವಾಗಿಯೂ ಗುಂಪುಗೂಡುತ್ತವೆ. 1891ರಲ್ಲಿ ಜಪಾನಿನ ನೋಬಿಯಲ್ಲಿ ನಡೆದ ಭೂಕಂಪದ ಪಶ್ಚಾತ್ ಕಂಪನಗಳನ್ನು ಎಣಿಸುತ್ತಾ ಕುಳಿತ ಫುಸಾಕಿಚಿ ಒಮೊರಿ 1894ರಲ್ಲಿ ಅದಕ್ಕೊಂದು ಲೆಕ್ಕ ಕೊಟ್ಟ. ಮೊದಲ ದಿನ ನೂರು ಬಂದರೆ ಹತ್ತನೇ ದಿನ ಸುಮಾರು ಹತ್ತು, ನೂರನೇ ದಿನ ಸುಮಾರು ಒಂದು. ಆದ್ದರಿಂದ "ಚುಕ್ಕಿಗಳು ಗುಂಪಾಗಿವೆ" ಎನ್ನುವುದು ಸುದ್ದಿಯೇ ಅಲ್ಲ, ಆಗಿಯೇ ಇರುತ್ತವೆ. ಇಂಥ ಸಂಸಾರದ ಗುಂಪನ್ನು ಲೆಕ್ಕದಿಂದ ಕಳೆದ ಮೇಲೂ ಏನಾದರೂ ವಿನ್ಯಾಸ ಉಳಿಯುತ್ತದೆಯೇ ಎಂದು ಕೇಳಬೇಕು. ಆ ಕಳೆಯುವ ಕೆಲಸ ಫಾರ್ವರ್ಡ್ ಗುಂಡಿ ಒತ್ತುವಷ್ಟು ಸುಲಭವಲ್ಲ.

ನಿಜವಾದ ವಿನ್ಯಾಸ ಹೇಗಿರುತ್ತದೆ ಎಂಬುದಕ್ಕೆ ಟರ್ಕಿಯನ್ನು ನೋಡಬೇಕು. ಆ ದೇಶದ ಉತ್ತರಕ್ಕೆ ಪೂರ್ವ ಪಶ್ಚಿಮವಾಗಿ ಒಂದು ಉದ್ದನೆಯ ಸ್ತರಭಂಗ, ಅಂದರೆ ನೆಲದೊಳಗಿನ ಬಿರುಕು, ಉಂಟು. 1939ರಲ್ಲಿ ಪೂರ್ವದ ಎರ್ಜಿಂಜಾನ್‌ನಲ್ಲಿ 7.8ರ ಭೂಕಂಪವಾಯಿತು. ಆಮೇಲೆ 1942, 1943, 1944, 1957, 1967. ಒಂದೊಂದು ಸಲವೂ ಬಿರುಕು ಪಶ್ಚಿಮಕ್ಕೆ ಸರಿಯುತ್ತಾ ಬಂತು. ನಮ್ಮ ಚೂಡಿದಾರದ ಜಿಪ್ಪಿನ ಒಂದು ಹಲ್ಲು ಬಿಟ್ಟರೆ ಮುಂದಿನದರ ಮೇಲೆ ಎಳೆತ ಬೀಳುವ ಹಾಗೆ. 1997ರಲ್ಲಿ ಸ್ಟೈನ್, ಬರ್ಕಾ, ಡೀಟರಿಕ್ ಎಂಬ ಮೂವರು ಈ ಎಳೆತವನ್ನೇ ಲೆಕ್ಕಹಾಕಿ, ಇಜ್ಮಿತ್ ನಗರದ ಬಳಿ ಒತ್ತಡ ಹೆಚ್ಚಿದೆ ಎಂದು ಬರೆದರು. 1999ರ ಆಗಸ್ಟ್ 17ರ ಬೆಳಗಿನ ಜಾವ ಇಜ್ಮಿತ್ ಕುಸಿಯಿತು, ಸತ್ತವರು 17 ಸಾವಿರಕ್ಕೂ ಹೆಚ್ಚು. ಇದನ್ನು ಓದಿದವರಿಗೆ ರೋಮಾಂಚನವಾಗದೆ ಇರದು, ನನಗೂ ಆಗಿತ್ತು. ಆದರೆ ಕಥೆ ಅಲ್ಲಿಗೆ ಮುಗಿಯುವುದಿಲ್ಲ. ಮೂರೇ ತಿಂಗಳಲ್ಲಿ, ನವೆಂಬರ್ 12ರಂದು, ಮುಂದಿನ 7.2 ಬಂದದ್ದು ಪಶ್ಚಿಮದಲ್ಲಲ್ಲ, ಇಜ್ಮಿತ್‌ನ ಪೂರ್ವಕ್ಕಿರುವ ದುಜ್ಜೆಯಲ್ಲಿ. 2023ರ ಫೆಬ್ರವರಿ 6ರ 7.8 ಬಂದದ್ದಂತೂ ಬೇರೆಯೇ ಸ್ತರಭಂಗದಲ್ಲಿ, ದೇಶದ ಇನ್ನೊಂದು ಮೂಲೆಯಲ್ಲಿ. ಇಷ್ಟು ಚೆಂದದ ಸಾಲು ಕೂಡ ಎಲ್ಲಿ ಎಂದು ಸ್ವಲ್ಪ ಹೇಳಿತು, ಯಾವಾಗ ಎಂದು ಹೇಳಲಿಲ್ಲ.

ಯಾವಾಗ ಎಂದು ಹೇಳಹೋದವರ ಕಥೆ ಪಾರ್ಕ್‌ಫೀಲ್ಡಿನದು. ಕ್ಯಾಲಿಫೋರ್ನಿಯಾದ ಆ ಸಣ್ಣ ಊರಿನ ಕೆಳಗೆ 1857, 1881, 1901, 1922, 1934, 1966ರಲ್ಲಿ ಹೆಚ್ಚುಕಡಿಮೆ 6ರ ಕಂಪನಗಳು. ಸರಾಸರಿ 22 ವರ್ಷ. ಮುಂದಿನದು 1988ಕ್ಕೆ, ತಡವಾದರೆ 1993ರೊಳಗೆ ಎಂದು ಹೇಳಿ, ನೆಲದ ತುಂಬ ಉಪಕರಣ ಹೂತು ಕಾದರು. ಬರಲಿಲ್ಲ. ಬಂದದ್ದು 2004ರ ಸೆಪ್ಟೆಂಬರಿನಲ್ಲಿ. ಪ್ರಪಂಚದಲ್ಲೇ ಅತಿ ಹೆಚ್ಚು ಕಾವಲಿದ್ದ ಬಿರುಕು ಅದು, ಆದರೂ ಹನ್ನೊಂದು ವರ್ಷ ಕಾಯಿಸಿತು.

ಇನ್ನು ಅಧಿಕಾರಿಗಳ ಕಡೆಗೆ ಬರುತ್ತೇನೆ. ನನ್ನ ಕೋರಿಕೆ ಒಂದೇ, ಅದನ್ನು ಬಿಡಿಸಿ ಹೇಳಲು ಸ್ವಲ್ಪ ಜಾಗ ಬೇಕು.

ನೀವು ಕೊಡುವ ಚುಕ್ಕಿ ನಿಜವಾಗಿ ಚುಕ್ಕಿಯಲ್ಲ, ತಪ್ಪಿನ ಒಂದು ವೃತ್ತದ ನಡುಬಿಂದು; ಕಂಪನ ಆ ವೃತ್ತದೊಳಗೆ ಎಲ್ಲಾದರೂ ಆಗಿರಬಹುದು. ಕಂಪನವಾದಾಗ ವೇಗದ ಅಲೆ ಮೊದಲು ಬರುತ್ತದೆ, ನಿಧಾನದ ಅಲೆ ಹಿಂದೆ. ಎರಡರ ನಡುವಿನ ಸೆಕೆಂಡುಗಳನ್ನು ಸುಮಾರು ಎಂಟರಿಂದ ಗುಣಿಸಿದರೆ ಕಿಲೋಮೀಟರಿನಲ್ಲಿ ದೂರ ಸಿಗುತ್ತದೆ. ಕಂಪನ ಅಳೆಯುವ ಮೂರು ಕೇಂದ್ರಗಳಿಂದ ದೂರ ಸಿಕ್ಕರೆ ಮೂರು ವೃತ್ತ ಎಳೆದು ಅವು ಕೂಡುವ ಜಾಗವನ್ನು ಹಿಡಿಯಬಹುದು. ಪಿಯುಸಿ ಮಕ್ಕಳಿಗೂ ಬರುವ ಲೆಕ್ಕ. ಆದರೆ ಎರಡನೇ ಅಲೆ ಯಾವ ಕ್ಷಣದಲ್ಲಿ ಶುರುವಾಯಿತೆಂದು ಗುರುತಿಸುವಾಗ ಒಂದು ಸೆಕೆಂಡು ಹಿಂದುಮುಂದಾದರೆ ಎಂಟು ಕಿಲೋಮೀಟರ್ ಹೋಯಿತು. ಸಂಪಾಜೆಯ ಚುಕ್ಕಿ ಅರಂತೋಡಿನ ಕಡೆಗೆ ಜಿಗಿಯಲು ಅಷ್ಟೇ ಸಾಕು. ಸಣ್ಣ ಕಂಪನವಾದರೆ ಅಲೆಗಳೂ ಸಣ್ಣವು. ದೂರದ ಕೇಂದ್ರಗಳಿಗೆ ಗದ್ದಲದ ನಡುವೆ ಅವು ಕೇಳಿಸುವುದೂ ಇಲ್ಲ.

ನಮ್ಮ ಕರಾವಳಿಗೆ ಇನ್ನೊಂದು ತಾಪತ್ರಯ ಉಂಟು. ಮಲ್ಪೆಯ ಹಳೆಯ ತಾಂಡೇಲರೊಬ್ಬರು, ಅಂದರೆ ಮೀನುದೋಣಿ ನಡೆಸುವವರು, ನನ್ನ ಪರಿಚಯದವರು, ಜಿಪಿಎಸ್ ಬರುವ ಮುಂಚಿನ ದಿನಗಳ ಬಗ್ಗೆ ಹೇಳುತ್ತಿದ್ದರು. ಕಾಪುವಿನ ದೀಪಸ್ತಂಭ ಒಂದು ಗುರುತು, ಹಿಂದಿನ ಗುಡ್ಡ ಇನ್ನೊಂದು. ಎರಡೂ ಬೇರೆ ಬೇರೆ ದಿಕ್ಕಿಗೆ ಚೆನ್ನಾಗಿ ಅಗಲಿ ಕಂಡರೆ ದೋಣಿ ಎಲ್ಲಿದೆ ಎಂದು ಕರಾರುವಾಕ್ಕಾಗಿ ಗೊತ್ತಾಗುತ್ತಿತ್ತಂತೆ. ಆಳಕ್ಕೆ ಹೋದ ಹಾಗೆ ಎರಡೂ ಹತ್ತಿರ ಹತ್ತಿರ ಬಂದು, "ದಡ ಎಷ್ಟು ದೂರ ಅಂತ ದೇವರಿಗೇ ಗೊತ್ತು" ಎಂಬ ಸ್ಥಿತಿ. ಗುರುತುಗಳೆಲ್ಲ ಮೂಡಣಕ್ಕೇ ಇದ್ದರೆ ಹಾಗೆಯೇ ಆಗುವುದು. ಕಂಪನಮಾಪಕಗಳಿಗೂ ಇದೇ ನಿಯಮ. ನಮಗೆ ಪಡುವಣಕ್ಕೆ ಅರಬ್ಬೀ ಸಮುದ್ರ, ಅಲ್ಲಿ ಕೇಂದ್ರ ಹಾಕಲು ನೆಲವಿಲ್ಲ. ಕಂಪನದ ಸುತ್ತ ನಾಲ್ಕೂ ಕಡೆ ಕೇಂದ್ರಗಳಿಲ್ಲದಿದ್ದರೆ ತಪ್ಪಿನ ವೃತ್ತ ವೃತ್ತವಾಗಿ ಉಳಿಯುವುದಿಲ್ಲ, ಒಂದು ದಿಕ್ಕಿಗೆ ಎಳೆದು ಮಂಗಳೂರು ಸೌತೆಯ ಆಕಾರಕ್ಕೆ ಬರುತ್ತದೆ. ಅಂಥ ಹತ್ತು ಸೌತೆಕಾಯಿಗಳ ನಡುಬಿಂದುಗಳನ್ನಷ್ಟೇ ನಕ್ಷೆಯ ಮೇಲೆ ಇಟ್ಟರೆ ಅವು ಸೌತೆಯ ಉದ್ದಕ್ಕೇ ಸಾಲುಗಟ್ಟುತ್ತವೆ. ನೋಡಿದವನು ಸ್ತರಭಂಗ ಎನ್ನುತ್ತಾನೆ. ಅದು ಕೇಂದ್ರಗಳ ಜೋಡಣೆಯ ನೆರಳು, ಅಷ್ಟೆ.

ಆಳದ ಅಂಕೆಯದ್ದು ಇನ್ನೂ ತಮಾಷೆ. ಒಬ್ಬರು ನನಗೆ ಬಹಳ ಗಂಭೀರವಾಗಿ ಬರೆದರು, "ಸರ್, ಗಮನಿಸಿದ್ದೀರಾ, ದೇಶದ ಎಷ್ಟೋ ಕಂಪನಗಳ ಆಳ ಸರಿಯಾಗಿ 10 ಕಿಲೋಮೀಟರ್. ಅಲ್ಲಿ ಏನೋ ಉಂಟು." ಅಲ್ಲಿ ಏನೂ ಇಲ್ಲ. ಆಳ ಲೆಕ್ಕಕ್ಕೆ ಸಿಗದಿದ್ದಾಗ ಒಂದು ಅಂಕೆಯನ್ನು ಊಹೆಗೆ ಹಿಡಿದು ಉಳಿದದ್ದನ್ನು ಬಿಡಿಸುವುದು ಪ್ರಪಂಚದಲ್ಲೆಲ್ಲ ಇರುವ ರೂಢಿ, ಬಹಳ ಸಲ ಆ ಅಂಕೆ 10. ಪಕ್ಕದಲ್ಲಿ "ಹಿಡಿದದ್ದು, ಅಳೆದದ್ದಲ್ಲ" ಎಂದು ಎರಡು ಪದ ಬರೆದಿದ್ದರೆ ಆ ಮನುಷ್ಯರ ನಿದ್ದೆ ಉಳಿಯುತ್ತಿತ್ತು.

ಆದ್ದರಿಂದ ಪ್ರತಿ ಚುಕ್ಕಿಯ ಜೊತೆ ಅದರ ತಪ್ಪಿನ ವ್ಯಾಪ್ತಿಯನ್ನೂ ಕೊಡಿ. ಉತ್ತರ ದಕ್ಷಿಣಕ್ಕೆ ಇಷ್ಟು ಕಿಲೋಮೀಟರ್, ಪೂರ್ವ ಪಶ್ಚಿಮಕ್ಕೆ ಇಷ್ಟು, ಆಳಕ್ಕೆ ಇಷ್ಟು, ಎಷ್ಟು ಕೇಂದ್ರಗಳ ಆಧಾರದ ಮೇಲೆ. ಲೆಕ್ಕ ಹಾಕುವ ತಂತ್ರಾಂಶ ಇವನ್ನು ಹೇಗೂ ಕೊಡುತ್ತದೆ, ಪ್ರಕಟಣೆಗೆ ಬರುವಾಗ ಕಳಚಿಹೋಗುತ್ತದೆ. ಕನ್ನಡದ ಪ್ರಕಟಣೆಯಲ್ಲಿ ಅದು ಒಂದು ಸಾಲು ಹಿಡಿಯುತ್ತದೆ. "ಚೆಂಬುವಿನಿಂದ 5.2 ಕಿಲೋಮೀಟರ್ ವಾಯವ್ಯಕ್ಕೆ" ಎಂದು ದಶಮಾಂಶ ಹಾಕಿ ಬರೆದರೆ ಓದಿದವನು ಅದು ಯಾರ ಗದ್ದೆ ಎಂದು ಹುಡುಕಲು ಹೊರಡುತ್ತಾನೆ. "ಚೆಂಬುವಿನ ಸುತ್ತಿನ ಐದಾರು ಕಿಲೋಮೀಟರಿನೊಳಗೆ ಎಲ್ಲೋ" ಎಂದರೆ ನಿಜವೂ ಹೌದು, ಯಾರ ಗದ್ದೆಗೂ ಕಳಂಕವಿಲ್ಲ.

ಇದನ್ನೇ ಹಿಂದೊಮ್ಮೆ ಒಂದು ಕಚೇರಿಗೆ ಬರೆದು ಕೇಳಿದ್ದೆ. ಯಾವ ಕಚೇರಿ ಎಂಬುದು ಬೇಡ. ಆರು ವಾರದ ನಂತರ ಬಂದ ಉತ್ತರದಲ್ಲಿ ಆತಂಕಪಡುವ ಅಗತ್ಯವಿಲ್ಲ ಎಂದಿತ್ತು. ನಾನು ಆತಂಕಪಟ್ಟಿದ್ದೇನೆ ಎಂದು ಎಲ್ಲೂ ಬರೆದಿರಲಿಲ್ಲ.

ವೃತ್ತ ಸಿಕ್ಕಿದರೆ ಏನು ಲಾಭ ಎಂದು ಕೇಳಬಹುದು. ಬಹಳ ಉಂಟು. 2000ನೇ ಇಸವಿಯಲ್ಲಿ ವಾಲ್ಡ್‌ಹೌಸರ್ ಮತ್ತು ಎಲ್ಸ್‌ವರ್ತ್ ಎಂಬಿಬ್ಬರು ಒಂದು ಉಪಾಯ ಪ್ರಕಟಿಸಿದರು. ಮೀನು ಮಾರುಕಟ್ಟೆಯಲ್ಲಿ ತಕ್ಕಡಿ ಕಳ್ಳ ತೂಕ ತೋರಿಸುತ್ತದೆ ಎಂದುಕೊಳ್ಳಿ. ಆದರೂ ಅದೇ ತಕ್ಕಡಿಯಲ್ಲಿ ಎರಡು ಬಂಗುಡೆ ತೂಗಿದರೆ ಯಾವುದು ಎಷ್ಟು ಹೆಚ್ಚು ಎಂಬುದು ಹೆಚ್ಚುಕಡಿಮೆ ಸರಿಯಾಗಿಯೇ ಸಿಗುತ್ತದೆ, ಎರಡರಲ್ಲೂ ಇರುವ ಒಂದೇ ತಪ್ಪು ಕಳೆದುಹೋಗುತ್ತದೆ. ಹಾಗೆಯೇ ಅಕ್ಕಪಕ್ಕದ ಎರಡು ಕಂಪನಗಳ ಅಲೆ ಒಂದೇ ಕೇಂದ್ರಕ್ಕೆ ಬರುವಾಗ ಹೆಚ್ಚುಕಡಿಮೆ ಒಂದೇ ದಾರಿಯಲ್ಲಿ ಬರುತ್ತದೆ. ಸಮಯದ ವ್ಯತ್ಯಾಸವನ್ನಷ್ಟೇ ಹಿಡಿದರೆ ದಾರಿಯ ತಪ್ಪು ಹೋಗುತ್ತದೆ. ಕ್ಯಾಲಿಫೋರ್ನಿಯಾದ ಹೇವರ್ಡ್ ಸ್ತರಭಂಗದಲ್ಲಿ ಹೀಗೆ ಮಾಡಿದಾಗ ಮೋಡದ ಹಾಗೆ ಹರಡಿದ್ದ ಚುಕ್ಕಿಗಳು ತೆಳ್ಳನೆಯ ಗೆರೆಗಳಾಗಿ ಕೂಡಿಕೊಂಡವು. ನನ್ನ ಗ್ರಾಫ್ ಹಾಳೆಯ ಗೆರೆಗೂ ಅದಕ್ಕೂ ಇರುವ ಅಂತರ ನೋಡಿ. ಒಂದು ಮಾಹಿತಿಯನ್ನು ಕತ್ತರಿಸಿ ಹುಟ್ಟಿದ್ದು, ಇನ್ನೊಂದು ಇದ್ದ ಮಾಹಿತಿಯನ್ನೆಲ್ಲ ಬಳಸಿ ಹುಟ್ಟಿದ್ದು. ಸುರತ್ಕಲ್ಲಿನ ಎನ್ಐಟಿಕೆಯಲ್ಲಾಗಲಿ ನಮ್ಮ ವಿಶ್ವವಿದ್ಯಾಲಯಗಳಲ್ಲಾಗಲಿ ಇಂಥ ಲೆಕ್ಕ ಮಾಡಬಲ್ಲ ಮಕ್ಕಳಿಗೆ ಕೊರತೆಯಿಲ್ಲ. ಅವರ ಕೈಗೆ ಬೇಕಾದದ್ದು ಒಂದೊಂದು ಕೇಂದ್ರಕ್ಕೆ ಅಲೆ ಮುಟ್ಟಿದ ಸಮಯದ ಪಟ್ಟಿ. ಪತ್ರಿಕಾ ಪ್ರಕಟಣೆಯಿಂದ ಅದು ಹುಟ್ಟುವುದಿಲ್ಲ.

ಸರಣಿ ಕಂಪನದಲ್ಲಿ ಚುಕ್ಕಿಗಳು ಹೇಗೆ ಹರಡುತ್ತವೆ ಎಂಬುದರಿಂದಲೇ ಕಾರಣದ ಸುಳಿವು ಸಿಗುತ್ತದೆ. ಗೋಳಿಬಜೆ ಕಟ್ಟಿದ ಪೇಪರಿನಲ್ಲಿ ಎಣ್ಣೆ ಹರಡುವುದನ್ನು ನೋಡಿದ್ದೀರಲ್ಲ? ಮೊದಲು ಸರ್ರನೆ, ಆಮೇಲೆ ನಿಧಾನ. ಬಂಡೆಯ ಬಿರುಕುಗಳೊಳಗೆ ನೀರಿನ ಒತ್ತಡ ಹರಡುವುದೂ ಹಾಗೆಯೇ. ಒಂದು ದಿನಕ್ಕೆ ಒಂದು ಕಿಲೋಮೀಟರ್ ಹರಡಿದರೆ ಎರಡಕ್ಕೆ ಮುಟ್ಟಲು ನಾಲ್ಕು ದಿನ, ಮೂರಕ್ಕೆ ಒಂಬತ್ತು. ಚುಕ್ಕಿಗಳು ಈ ಲಯದಲ್ಲಿ ಹೊರಕ್ಕೆ ಹರಡುತ್ತಿದ್ದರೆ ಒಳಗೆ ನೀರಿನ ಕೈ ಉಂಟೆಂದು ಅನುಮಾನಿಸಬಹುದು. ನಮ್ಮ ನೆರೆಯ ಮಹಾರಾಷ್ಟ್ರದ ಕೊಯ್ನಾ ಇದಕ್ಕೆ ಜಗತ್ಪ್ರಸಿದ್ಧ. ಅಣೆಕಟ್ಟಿನಲ್ಲಿ 1962ರಿಂದ ನೀರು ನಿಂತಿತು, 1967ರ ಡಿಸೆಂಬರ್ 11ರಂದು 6.3ರ ಭೂಕಂಪವಾಗಿ ಸುಮಾರು 200 ಜನ ಸತ್ತರು. ಆಮೇಲೆ ದಶಕಗಟ್ಟಲೆ ಕಂಪನಗಳು ಸುಮಾರು 30 ಕಿಲೋಮೀಟರ್ ಉದ್ದ, 20 ಕಿಲೋಮೀಟರ್ ಅಗಲದ ಜಾಗದೊಳಗೇ ಬಂದವು. ದಕ್ಷಿಣದ ವಾರ್ಣಾ ಜಲಾಶಯ ತುಂಬತೊಡಗಿದ ಮೇಲೆ, 1990ರ ದಶಕದ ಆರಂಭದಲ್ಲಿ, ಚಟುವಟಿಕೆ ಆ ಕಡೆಗೂ ಚಾಚಿತು. ಇದು ಗೊತ್ತಾದದ್ದು ಚುಕ್ಕಿಗಳ ಲೆಕ್ಕವನ್ನು ವರ್ಷಗಟ್ಟಲೆ ಬಿಡದೆ ಇಟ್ಟುದರಿಂದ. ಸಂಪಾಜೆಯಲ್ಲಿ ನಡುಗಿದ್ದು ಮಳೆ ಹಿಡಿದ ಜೂನಿನಲ್ಲಿ ಎಂಬುದನ್ನು ನಾನೂ ಗಮನಿಸಿದ್ದೇನೆ, ಆದರೆ ಒಂದು ಮಳೆಗಾಲವನ್ನು ಹಿಡಿದು ಮಳೆಯೇ ಕಾರಣ ಎನ್ನಲು ನಾನು ಸಿದ್ಧನಿಲ್ಲ. ಒಮ್ಮೆ ಸುಟ್ಟುಕೊಂಡ ಬೆರಳು.

ಕಲ್ಲುಕೋರೆಗಳ ವಿಷಯವನ್ನೂ ಹೇಳಬೇಕು. ಸಿಡಿಮದ್ದು ಹಾರಿಸಿದಾಗಲೂ ಮಾಪಕದ ಸೂಜಿ ಅಲುಗುತ್ತದೆ. ಅವು ಪಟ್ಟಿಗೆ ನುಸುಳಿದರೆ ನಕ್ಷೆಯಲ್ಲಿ ಒಂದು ಸುಂದರವಾದ ಗುಂಪು ಸಿದ್ಧ. ಕಂಡುಹಿಡಿಯುವುದು ಕಷ್ಟವಲ್ಲ. ಭೂಮಿಗೆ ಊಟದ ವಿರಾಮವಾಗಲಿ ಭಾನುವಾರದ ರಜೆಯಾಗಲಿ ಇಲ್ಲ. ಯಾವ ಚುಕ್ಕಿಗಳ ಗುಂಪು ಹಗಲು ಹೊತ್ತಿನಲ್ಲೇ ಬರುತ್ತದೋ, ರಾತ್ರಿ ಮಲಗುತ್ತದೋ, ಅದರ ಹತ್ತಿರ ಹೋಗಿ ನೋಡಿದರೆ ಟಿಪ್ಪರ್ ಲಾರಿ ನಿಂತಿರುತ್ತದೆ. ಪಟ್ಟಿಯಲ್ಲಿ ಸಿಡಿತ ಯಾವುದು, ಕಂಪನ ಯಾವುದು ಎಂದು ಬೇರ್ಪಡಿಸಿ ಕೊಡಿ. ಕಾರ್ಕಳದ ಬದಿಯವರು ನಿಮಗೆ ಆಭಾರಿಯಾಗಿರುತ್ತಾರೆ.

ಈಗ "ಆತಂಕ ಬೇಡ" ಎಂಬ ಮಾತಿಗೆ. ಇಟಲಿಯ ಲಾಕ್ವಿಲಾ ಎಂಬ ಹಳೆಯ ಊರಿನಲ್ಲಿ 2009ರ ಆರಂಭದಿಂದ ಸಣ್ಣ ಕಂಪನಗಳ ಸರಣಿ ನಡೆದಿತ್ತು. ಮಾರ್ಚ್ 31ರಂದು ತಜ್ಞರ ಸಭೆ ಕೂಡಿತು. ಸಣ್ಣಸಣ್ಣದಾಗಿ ಶಕ್ತಿ ಹೊರಗೆ ಹೋಗುತ್ತಿರುವುದು ಒಳ್ಳೆಯದೇ ಎಂಬ ಅರ್ಥದ ಮಾತು ಒಬ್ಬ ಅಧಿಕಾರಿಯ ಬಾಯಿಂದ ಹೊರಬಿತ್ತು. ಏಪ್ರಿಲ್ 6ರ ನಸುಕಿನಲ್ಲಿ 6.3 ಬಂತು, 309 ಜನ ಸತ್ತರು. 2012ರಲ್ಲಿ ನ್ಯಾಯಾಲಯ ಆ ಅಧಿಕಾರಿಯೂ ಸೇರಿ ಸಭೆಯಲ್ಲಿದ್ದ ಏಳು ಜನರಿಗೆ ಆರು ವರ್ಷದ ಶಿಕ್ಷೆ ಹಾಕಿತು. 2014ರ ಮೇಲ್ಮನವಿಯಲ್ಲಿ ಆರು ವಿಜ್ಞಾನಿಗಳ ಖುಲಾಸೆಯಾಯಿತು, ಅಧಿಕಾರಿಯ ಶಿಕ್ಷೆ ಎರಡು ವರ್ಷಕ್ಕಿಳಿಯಿತು. ಭೂಕಂಪ ಬರುತ್ತದೆಂದು ಹೇಳದೆ ಇದ್ದುದು ತಪ್ಪಲ್ಲ, ಯಾರೂ ಹೇಳಲಾರರು. ಬರುವುದಿಲ್ಲ ಎಂಬ ಧೈರ್ಯ ಕೊಟ್ಟದ್ದು ದುಬಾರಿಯಾಯಿತು.

ಸಣ್ಣದು ಬಂದರೆ ದೊಡ್ಡದು ತಪ್ಪಿತು ಎಂಬ ಮಾತು ನಮ್ಮಲ್ಲೂ ಬಸ್‌ಸ್ಟ್ಯಾಂಡಿನಿಂದ ವೇದಿಕೆಯವರೆಗೆ ಕೇಳುತ್ತದೆ. ಲೆಕ್ಕ ಹೇಳುತ್ತೇನೆ. ತೀವ್ರತೆ ಒಂದು ಅಂಕ ಹೆಚ್ಚಿದರೆ ಶಕ್ತಿ ಸುಮಾರು 32 ಪಟ್ಟು. 1993ರ ಸೆಪ್ಟೆಂಬರ್ 30ರಂದು ಮಹಾರಾಷ್ಟ್ರದ ಕಿಲ್ಲಾರಿಯನ್ನು ನೆಲಸಮ ಮಾಡಿದ 6.2ರಷ್ಟು ಶಕ್ತಿ ಸೋರಿಹೋಗಬೇಕಾದರೆ ಸಂಪಾಜೆಯಂಥ 3.0ರ ಕಂಪನಗಳು ಸುಮಾರು 63 ಸಾವಿರ ಬೇಕು. ಐದಾರು ನಡುಕದಿಂದ ಭಾರ ಇಳಿಯಿತು ಎನ್ನುವುದು ಸಮುದ್ರದಿಂದ ಒಂದು ಲೋಟ ಮೊಗೆದು ಉಬ್ಬರ ತಪ್ಪಿಸಿದೆ ಎಂದ ಹಾಗೆ. ಅದೇ ಕಿಲ್ಲಾರಿಯಲ್ಲಿ ಹಿಂದಿನ ವರ್ಷ, 1992ರಲ್ಲಿ, ಸಣ್ಣ ಕಂಪನಗಳ ಸರಣಿ ಬಂದು ನಿಂತಿತ್ತು. ಆಗಿನ ನಕ್ಷೆಯಲ್ಲಿ ಆ ಊರು ಅತಿ ಕಡಿಮೆ ಅಪಾಯದ 1ನೇ ವಲಯದಲ್ಲಿತ್ತು. ಸರಣಿ ಬಂದಲ್ಲೆಲ್ಲ ದೊಡ್ಡದು ಬರುತ್ತದೆಂದು ಇದರರ್ಥವಲ್ಲ. ಮಹಾರಾಷ್ಟ್ರದ ಪಾಲ್ಘರ್‌ನಲ್ಲಿ 2018ರ ನವೆಂಬರಿನಿಂದ ಶುರುವಾದ ಸರಣಿ ವರ್ಷಗಟ್ಟಲೆ ಸಣ್ಣದಾಗಿಯೇ ನಡೆಯಿತು. ಯಾವುದು ಮುನ್ಸೂಚನೆ, ಯಾವುದು ಬರೀ ಗೊಣಗಾಟ ಎಂಬುದು ಮುಗಿದ ಮೇಲೆಯೇ ಗೊತ್ತಾಗುವುದು. ಅದನ್ನು ಹಾಗೆಯೇ ಹೇಳಿದರೆ ನಮ್ಮ ಜನಕ್ಕೆ ಅರ್ಥವಾಗುತ್ತದೆ. ಹವಾಮಾನ ಇಲಾಖೆಯ ಮಳೆಯ ಮುನ್ಸೂಚನೆಯನ್ನು ನಂಬಿಯೂ ನಂಬದೆಯೂ ಕೊಡೆ ಹಿಡಿದು ಹೊರಡುವ ಜನ ನಾವು.

ಒಬ್ಬರು ಮಾವ ನನ್ನ ಜೊತೆ ಜಗಳವಾಡಿದರು: "1432ರಿಂದ ಕಾರ್ಕಳದ ಗೊಮ್ಮಟ 42 ಅಡಿ ಎತ್ತರ ನಿಂತಿದ್ದಾನೆ, ಅವನಿಗೆ ಆಗದ್ದು ನಿನಗೆ ಆಗ್ತದಾ?" ಗೊಮ್ಮಟ ಬಂಡೆಯ ಮೇಲೆ ನಿಂತ ಒಂದೇ ಕಲ್ಲು. ನಾವಿರುವುದು ಮಣ್ಣು ತುಂಬಿಸಿ ಎತ್ತರಿಸಿದ ಗದ್ದೆಯ ಮೇಲೆ, ಕೆಳಗೆ ಕಾರು ನಿಲ್ಲಿಸಲು ಗೋಡೆಯಿಲ್ಲದೆ ಬರೀ ಕಂಬ ಬಿಟ್ಟ ಫ್ಲ್ಯಾಟುಗಳಲ್ಲಿ. 2002ರ ಭಾರತೀಯ ಮಾನಕದ ಪಟ್ಟಿಯಲ್ಲಿ ಬೆಂಗಳೂರು 2ನೇ ವಲಯ, ನಮ್ಮ ಮಂಗಳೂರು 3ನೇ ವಲಯ ಎಂಬುದನ್ನು ಮನೆ ಕೊಳ್ಳುವಾಗ ಎಷ್ಟು ಜನ ಕೇಳಿದ್ದಾರೆ? ಇರಲಿ, ಅದು ಬೇರೆಯೇ ಪತ್ರ.

ಕೊನೆಯದಾಗಿ, ಸರಣಿ ಶುರುವಾದ ಕೂಡಲೇ ನಾಲ್ಕೈದು ಸಂಚಾರಿ ಮಾಪಕಗಳನ್ನು ಆ ಜಾಗದ ಸುತ್ತಲೂ, ಒಂದೇ ಬದಿಗಲ್ಲ, ಇಡಿಸಿ. ಮೊದಲು ಹೇಳಿದ ಸ್ಥಳ ಮರುಲೆಕ್ಕದಲ್ಲಿ ಬದಲಾದರೆ ಹಳೆಯದನ್ನು ಅಳಿಸದೆ, "ತಿದ್ದಿದ್ದು" ಎಂದು ಬರೆದು ಹೊಸದನ್ನು ಕೊಡಿ. ತಿದ್ದಿಕೊಂಡವರ ಮೇಲೆ ನಂಬಿಕೆ ಹೆಚ್ಚುತ್ತದೆಯೇ ಹೊರತು ಕಡಿಮೆಯಾಗುವುದಿಲ್ಲ. ಜೊತೆಗೆ ಜನರನ್ನೂ ಕೇಳಿ. ರಾಬರ್ಟ್ ಮ್ಯಾಲೆಟ್ ಎಂಬ ಐರಿಶ್ ಎಂಜಿನಿಯರ್ 1857ರ ನೇಪಲ್ಸ್ ಭೂಕಂಪದ ಜಾಗವನ್ನು ಹುಡುಕಿದ್ದು ಮಾಪಕದಿಂದಲ್ಲ. ಹಳ್ಳಿ ಹಳ್ಳಿ ಸುತ್ತಿ, ಗೋಡೆಯ ಬಿರುಕು ಯಾವ ಕಡೆ ವಾಲಿದೆ, ಸಾಮಾನು ಎತ್ತ ಬಿದ್ದಿದೆ ಎಂದು ಬರೆದುಕೊಂಡು. ಮಾಪಕಗಳು ವಿರಳವಾಗಿರುವ ಕಡೆ ಇಂಥ ಬರಹಕ್ಕೆ ಈಗಲೂ ಬೆಲೆ ಉಂಟು. ಅಂಗನವಾಡಿ, ಹಾಲಿನ ಸೊಸೈಟಿ, ಪಂಚಾಯತು, ಎಲ್ಲೆಲ್ಲೂ ಒಂದು ಪುಸ್ತಕ ಇಟ್ಟು ಗಂಟೆ, ಸದ್ದು, ಅಲುಗಿದ ವಸ್ತು ಎಂದು ಮೂರು ಕಲಮು ಎಳೆದರೆ ಸಾಕು.

ಅಕ್ಕನ ಮನೆಯಲ್ಲಿ ಅಂಥದ್ದೊಂದು ಆಗಲೇ ಉಂಟು. ಅಂದು ಅಂಗಳಕ್ಕೆ ಓಡಿದ್ದ ಬಾವ, ಒಳಗೆ ಬಂದ ಮೇಲೆ ಮಾಡಿದ ಮೊದಲ ಕೆಲಸವೆಂದರೆ ಅಡುಗೆಮನೆಯ ಗೋಡೆಯ ಕ್ಯಾಲೆಂಡರಿನಲ್ಲಿ ಕೆಂಪು ಪೆನ್ನಿನಿಂದ ಗಂಟೆ ಬರೆದಿಟ್ಟದ್ದು. ಆಮೇಲೆ ಪ್ರತಿಸಲವೂ ಬರೆದಿದ್ದಾರೆ, ಸದ್ದು ಯಾವ ದಿಕ್ಕಿನಿಂದ ಬಂತು ಎಂಬುದನ್ನೂ. ನಿಮಗೆ ಬೇಕಿದ್ದರೆ ಹೇಳಿ, ಪುತ್ತೂರಿನ ದಾರಿಯಾಗಿ ಬಸ್ಸಿನಲ್ಲಿ ಹೋಗಿ ನಾನೇ ತಂದುಕೊಡುತ್ತೇನೆ. ಜುಲೈ ಪುಟದಲ್ಲಿ ನೀಲಿ ಪೆನ್ನಿನ ಗುರುತುಗಳೂ ಉಂಟು, ಅವು ಅಕ್ಕನ ಹಾಲಿನ ಲೆಕ್ಕ. ದಯವಿಟ್ಟು ಅವನ್ನು ನಕ್ಷೆಗೆ ಏರಿಸಬೇಡಿ.

ಇತಿ ತಮ್ಮ ವಿಶ್ವಾಸಿ,
ಒಬ್ಬ ನಿವೃತ್ತ ಭೌತಶಾಸ್ತ್ರ ಉಪನ್ಯಾಸಕ
ಕುಂಜಿಬೆಟ್ಟು, ಉಡುಪಿ